ಎರಡು ಕರಡಿಗೆ

“ನನ್ನ ಮಗನ ಲಿಂಗ ಎಲ್ಲೈತಿ, ಗುರುದೇವಿ?”

ಬಾಗಿಲು ತೆರೆದೊಡನೆ ಮಾವ ಸಂಗನಬಸಪ್ಪನವರು ಕೇಳಿದ್ದು ಇದೊಂದೇ ಮಾತು. ಹಲಸೂರಿನ ಈ ಬಾಡಿಗೆ ಮನೆಗೆ ಅವರು ಹಿಂದೆಂದೂ ಬಂದವರಲ್ಲ. ಗಂಡನನ್ನು ಬಿಟ್ಟು ಹೋದವಳ ಮನೆಯ ಮೆಟ್ಟಿಲು ತುಳಿಯುವುದಿಲ್ಲ ಎಂದು ಎರಡು ವರ್ಷದ ಹಿಂದೆ ನೆಂಟರ ಮುಂದೆ ಆಡಿದ ಮಾತನ್ನು ಇಷ್ಟು ದಿನ ಉಳಿಸಿಕೊಂಡೇ ಬಂದಿದ್ದರು. ಇವತ್ತು ಮಾತ್ರ ಆ ಮುದಿ ಮೊಳಕಾಲುಗಳನ್ನು ಎಳೆದುಕೊಂಡು, ಗೋಡೆ ಹಿಡಿದು, ನಡುವೆ ಮನೆಯೊಡತಿ ಆಂಜನಮ್ಮನ ಬಾಗಿಲ ಮುಂದೆ ನಿಂತು ದಣಿವಾರಿಸಿಕೊಂಡು ಮೇಲೆ ಹತ್ತಿ ಬಂದಿದ್ದರು. ಗುರುದೇವಿ ಕುರ್ಚಿ ಹಾಕಿದಳು, ಕೂತರು. ನೀರು ತಂದಿಟ್ಟಳು. ಲೋಟದ ಕಡೆ ತಿರುಗಿಯೂ ನೋಡಲಿಲ್ಲ.

“ದೊಮ್ಮಲೂರಿನ ಮನಿ ಎಲ್ಲಾ ಹುಡುಕೇವಿ, ನಾನೂ ಸೃಷ್ಟಿನೂ. ದೇವರ ಜಗಲಿ ಮ್ಯಾಲ ಇಲ್ಲ, ತಿಜೋರ್ಯಾಗ ಇಲ್ಲ. ಆಸ್ಪತ್ರ್ಯಾಗ ಕೇಳಿದ್ರ ಕೊಳ್ಳಾಗ ಏನೂ ಇದ್ದಿಲ್ಲ ಅಂತಾರ. ನಿನಗ ಗೊತ್ತಿರಬೇಕು.”

ಮಾವನ ಹೆಗಲಿನಿಂದ ಗೇಣು ದೂರದಲ್ಲಿ, ಗೋಡೆಗೆ ಹೊಡೆದ ಪುಟ್ಟ ಮರದ ದೇವರ ಗೂಡು. ಅದರ ಕದ ಮುಚ್ಚಿತ್ತು. ಒಳಗೆ ಒಂದೇ ಅಳತೆಯ, ಒಂದೇ ಕುಸುರಿಯ ಎರಡು ಬೆಳ್ಳಿ ಕರಡಿಗೆಗಳು ಅಕ್ಕಪಕ್ಕ ಕೂತಿದ್ದವು. ಒಂದರೊಳಗೆ ಅವಳ ಇಷ್ಟಲಿಂಗ. ಇನ್ನೊಂದರೊಳಗೆ ಗಂಡ ರಾಜಶೇಖರನದು.

“ನನಗ ಗೊತ್ತಿಲ್ರೀ ಮಾವಾರ,” ಅಂದಳು.

ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಭಯವಾಯಿತು.

ರಾಜಶೇಖರ ಕುಸಿದದ್ದು ಮಾರತ್ತಹಳ್ಳಿಯ ಹತ್ತಿರ, ಕಾರಿನಲ್ಲಿ ಕೂತ ಹಾಗೆಯೇ. ಸಿಗ್ನಲ್ ಬಿಟ್ಟರೂ ಕಾರು ಹೊರಡಲಿಲ್ಲವೆಂದು ಹಿಂದಿನವರು ಹಾರ್ನ್ ಹೊಡೆದರಂತೆ, ಬೈದರಂತೆ. ಕೊನೆಗೆ ಒಬ್ಬ ಇಳಿದು ಬಂದು ಗಾಜಿನೊಳಗೆ ಇಣುಕಿ ಕೂಗಿಕೊಂಡನಂತೆ. ಮೆದುಳಿನಲ್ಲಿ ರಕ್ತ ಸೋರಿತ್ತು. ಅಂದಿನಿಂದ ಅವನು ಕಣ್ಣು ತೆರೆದಿಲ್ಲ. ಗಂಟಲಲ್ಲಿ ಕೊಳವೆ, ಉಸಿರು ಯಂತ್ರದ್ದು. ಇನ್ನು ಇವರು ಎಚ್ಚರಗೊಳ್ಳುವುದಿಲ್ಲ, ಯಂತ್ರ ತೆಗೆಯುವ ಬಗ್ಗೆ ಮನೆಯವರು ಕೂತು ಯೋಚಿಸಬೇಕು ಎಂದು ವೈದ್ಯರು ಮೆಲ್ಲಗೆ, ಆದರೆ ಸ್ಪಷ್ಟವಾಗಿ ಹೇಳಿದ್ದರು. ಅದಕ್ಕೆ ಹತ್ತಿರದವರೆಲ್ಲ ಒಪ್ಪಬೇಕು: ತಂದೆ, ಮಗಳು ಸೃಷ್ಟಿ, ಹೆಂಡತಿ.

ಹೆಂಡತಿ! ಮುಂದಿನ ತಿಂಗಳು ಕೋರ್ಟಿನಲ್ಲಿ ಕೊನೆಯ ವಿಚಾರಣೆ ಇತ್ತು. ಇಬ್ಬರೂ ಒಪ್ಪಿ ಹಾಕಿದ ಅರ್ಜಿ. ನ್ಯಾಯಾಧೀಶರ ಮುಂದೆ ಇನ್ನೊಂದು ಸಲ ನಿಂತು ‘ಹೌದು’ ಅಂದಿದ್ದರೆ ಆ ಮಾತು ಅವಳಿಂದ ಕಳಚಿಕೊಳ್ಳುತ್ತಿತ್ತು. ಈಗ ಅದೇ ಮಾತು ಅವಳ ಕೈಗೆ ಅವನ ಉಸಿರನ್ನು ತಂದು ಕೊಟ್ಟಿತ್ತು.

ಮಾವ ಎದ್ದರು. ಹೊಸ್ತಿಲಲ್ಲಿ ನಿಂತು, ಮುಖ ತಿರುಗಿಸದೆ, ನಿರ್ಧಾರವಾಗಿ ಹೇಳಿದರು:

“ಸಾವಿಗೆ ನಾ ಅಂಜಂಗಿಲ್ಲ. ಶಿವ ಕರದ್ರ ಕಳಿಸಿಕೊಡೂದು ನಮ್ಮ ಮಂದಿಗೆ ಹೊಸಾದಲ್ಲ. ಆದ್ರ ಲಿಂಗ ಇಲ್ದ ಕಳಸಂಗಿಲ್ಲ. ಹೇಣ್ತಿ ಬಿಟ್ಟಾಂವ ಅಂತ ಅನ್ನಿಸಿಕೊಂಡೂ ಕಳಸಂಗಿಲ್ಲ. ಲಿಂಗ ಹುಡುಕಿ ಕೊಡು. ಕೋರ್ಟಿಗೆ ಹಾಕಿದ್ದು ತಗದೀನಿ, ನಾ ಅವನ ಹೇಣ್ತಿನ ಅಂತ ನಾಕ ಮಂದಿ ಮುಂದ ಹೇಳು. ಆಮ್ಯಾಲ ನನ್ನ ಸಹಿ ಕೇಳು.”

ಅವರು ಒಂದೊಂದೇ ಮೆಟ್ಟಿಲು ಇಳಿಯುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು. ಗುರುದೇವಿ ಗೂಡಿನ ಕದಕ್ಕೆ ಬೆನ್ನು ಕೊಟ್ಟು ನಿಂತೇ ಇದ್ದಳು, ಯಾರೋ ಬಂದು ಕಿತ್ತುಕೊಳ್ಳುತ್ತಾರೋ ಎಂಬಂತೆ.

ಅವಳು ಆ ಕರಡಿಗೆಯನ್ನು ಕದ್ದವಳಲ್ಲ. ಮದುವೆಯಲ್ಲಿ ಅವಳ ಅಪ್ಪ ಇಳಕಲ್ಲಿನ ಅಕ್ಕಸಾಲಿಗನಿಂದ ಮಾಡಿಸಿದ ಜೋಡಿ ಅದು. ಒಂದರಿಂದ ಒಂದು ಬೇರೆಯೆಂದು ಹೇಳಲು ಶಿವದಾರ ನೋಡಬೇಕಿತ್ತು. ಅವನದಕ್ಕೆ ಬಿಳಿ, ಅವಳದಕ್ಕೆ ಕೆಂಪು. ದೊಮ್ಮಲೂರಿನ ಮನೆ ಬಿಟ್ಟು ಬಂದ ದಿನ ಕಣ್ಣಲ್ಲಿ ನೀರು ತುಂಬಿ ಬಿಳಿ ಯಾವುದು ಕೆಂಪು ಯಾವುದು ಒಂದೂ ಕಾಣದೆ, ಜಗಲಿಯ ಮೇಲಿದ್ದುದನ್ನೆಲ್ಲ ಒಟ್ಟಿಗೆ ಒಂದು ವಸ್ತ್ರಕ್ಕೆ ಸುರಿದು ಗಂಟು ಕಟ್ಟಿಕೊಂಡು ಬಂದುಬಿಟ್ಟಿದ್ದಳು. ಮರುದಿನ ಬೆಳಿಗ್ಗೆ ಪೂಜೆಗೆ ಗಂಟು ಬಿಚ್ಚಿದರೆ ಎರಡು! ಕೊಟ್ಟು ಬರಬೇಕು ಅಂದುಕೊಂಡಳು. ಆದರೆ ಆ ಮನೆಯ ಗಂಟೆ ಒತ್ತುವುದು ಹೇಗೆ? ಅವನೇ ಕೇಳಲಿ, ಒಂದು ಫೋನು ಮಾಡಿ ಕೇಳಲಿ ಅಂತಲೂ ಒಳಗೊಳಗೆ ಅನ್ನಿಸಿತ್ತು. ಕೇಳಬೇಕಾದರೆ ಮಾತಾಡಬೇಕಲ್ಲ!

ಅವನು ಮಾತು ಬಿಟ್ಟು ಆಗಲೇ ಎಷ್ಟೋ ವರ್ಷಗಳಾಗಿದ್ದವು. ಶಿವಾಜಿನಗರದಲ್ಲಿ ಮದುವೆ ಬಟ್ಟೆ ಹೊಲಿಸುವ ಖುರ್ಷೀದಾಳ ಅಂಗಡಿಗೆ ಕಸೂತಿ ಕೆಲಸಕ್ಕೆ ಹೋಗುತ್ತೇನೆ ಅಂದಾಗ ಬೇಡ ಅಂದಿದ್ದ. ಅವಳು ಹೋದಳು. ಅಂದು ಸಂಜೆಯಿಂದ ಅವನ ಬಾಯಿ ಮುಚ್ಚಿತು. ಬೈಗುಳವಿಲ್ಲ, ಹೊಡೆತವಿಲ್ಲ, ಕುಡಿತವಿಲ್ಲ. ‘ಸೃಷ್ಟಿ, ಊಟಕ್ಕ ಹಾಕಂತ ಹೇಳು ನಿಮ್ಮವ್ವಗ.’ ಮಗಳು ಮನೆಯಲ್ಲಿ ಇಲ್ಲದಿದ್ದರೆ ಗೋಡೆಗೆ ಹೇಳುತ್ತಿದ್ದ: ‘ಚಾ ಆದ್ರ ಚಲೋ ಇತ್ತು.’ ಜ್ವರ ಬಂದು ಮಲಗಿದಾಗ ಗುಳಿಗೆ ತಂದು ತಲೆದೆಸೆಯಲ್ಲಿಟ್ಟು ಹೋಗುತ್ತಿದ್ದ, ಹೇಗಿದ್ದೀ ಅನ್ನುತ್ತಿರಲಿಲ್ಲ. ತಾನು ನಿಜವಾಗಿಯೂ ಇದ್ದೇನೋ ಇಲ್ಲವೋ ಎಂದು ಅವಳು ಕನ್ನಡಿಯ ಮುಂದೆ ನಿಂತು ತನ್ನ ಹೆಸರನ್ನು ತಾನೇ ಕರೆದುಕೊಂಡ ದಿನಗಳಿದ್ದವು. ಬಿಡುತ್ತೇನೆ ಅಂದಾಗ ಊರಿನಿಂದ ಹಿರಿಯರು ಬಂದು ಕೂತರು. ಹೊಡೀತಾನೇನು? ಇಲ್ಲ. ಹೊರಗ ಯಾರರೆ ಅದಾರೇನು? ಇಲ್ಲ. ಮತ್ತೇನವ್ವಾ ನಿನ್ನ ದುಃಖ? ಅವಳಲ್ಲಿ ತೋರಿಸಲು ಒಂದು ಗಾಯವೂ ಇರಲಿಲ್ಲ.

ಹೀಗೆ ದಿನವೂ ಬೆಳಿಗ್ಗೆ ಸೋಮೇಶ್ವರ ಗುಡಿಯ ಮುಂದೆ ಹೂ ಮಾರುವವಳಿಂದ ಎರಡು ಬಿಲ್ವಪತ್ರೆ ತಂದು, ಎರಡೂ ಲಿಂಗಕ್ಕೆ ನೀರೆರೆದು, ಒರೆಸಿ, ವಿಭೂತಿ ಹಚ್ಚಿ, ಒಂದೊಂದು ಪತ್ರೆ ಏರಿಸುವುದು ರೂಢಿಯಾಗಿಬಿಟ್ಟಿತು. ಬಿಟ್ಟದ್ದು ಗಂಡನನ್ನು. ಲಿಂಗ ಏನು ಮಾಡಿತ್ತು?

ಇದನ್ನು ಬಲ್ಲವನು ಒಬ್ಬನೇ ಇದ್ದ. ಕೋರ್ಟಿನಲ್ಲಿ ಮೊದಲ ವಿಚಾರಣೆಯ ದಿನ ಕಾರಿಡಾರಿನ ಬೆಂಚಿನ ಆ ತುದಿಗೆ ಕೂತಿದ್ದ ರಾಜಶೇಖರ, ನೆಲ ನೋಡುತ್ತಲೇ, ಎಷ್ಟೋ ವರ್ಷಗಳ ಮೇಲೆ ಮೊದಲ ಸಲ ಅವಳ ಜೊತೆ ಮಾತಾಡಿದ್ದ. “ಅದೂ ಅಲ್ಲೇ ಐತಲ್ಲ, ನಿನ್ನ ಕಡೆ?” ಅವಳು ಹೂಂಗುಟ್ಟಿದಳು. “ಇರ್ಲಿ. ನಿನ್ನ ಕೈಯಾಗ ಪೂಜಿ ತಪ್ಪಂಗಿಲ್ಲ.” ಹೊರಗೆ ಬಂದ ಮೇಲೆ ಇನ್ನೂ ಒಂದು ಮಾತು ಕೇಳಿದ್ದ: “ಆಟೋ ಸಿಗ್ತದೇನು ನಿನಗ?”

ಆ ಎರಡು ಮಾತನ್ನು ಈಗ ಯಾರು ನಂಬುತ್ತಾರೆ? ಸಾಕ್ಷಿ ಹೇಳಬೇಕಾದವನ ಗಂಟಲಲ್ಲಿ ಕೊಳವೆಯಿತ್ತು. ಲಿಂಗ ಕಳೆದುಕೊಂಡವನ ಪ್ರಾಣ ನಿಲ್ಲುವುದಿಲ್ಲ ಎಂದು ನಂಬಿ ಬಂದ ಮುದುಕನ ಮುಂದೆ ಆ ಕರಡಿಗೆ ತೆಗೆದಿಟ್ಟರೆ ಅವರು ಏನನ್ನುತ್ತಾರೆ ಎಂಬುದು ಅವಳಿಗೆ ಮೊದಲೇ ಕೇಳಿಸುತ್ತಿತ್ತು. ಪ್ರಾಣ ಒಯ್ದವಳೇ ಈಗ ಯಂತ್ರ ತೆಗೆಯಲಿಕ್ಕೂ ಸಹಿ ಹಾಕುತ್ತಾಳೆ! ಹಾಗೆ ಅಂದರೆ ಅದು ಸುಳ್ಳೆಂದು ಎದೆ ತಟ್ಟಿ ಹೇಳಬಲ್ಲೆನೇ?

ಖುರ್ಷೀದಾಳಿಗೆ ಹೇಳದೆ ಇರಲಾಗಲಿಲ್ಲ. ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಓಣಿಯ ಆ ಅಂಗಡಿಯಲ್ಲಿ, ಜರಿ ಬಟ್ಟೆಗಳ ರಾಶಿಯ ಹಿಂದೆ, ಸುಲೇಮಾನಿ ಚಹಾ ಆರುವವರೆಗೆ ಎಲ್ಲವನ್ನೂ ಹೇಳಿದಳು. ಗುರುದೇವಿ ಮನೆ ಬಿಟ್ಟಾಗ ಒಂದೇ ಒಂದು ಪ್ರಶ್ನೆ ಕೇಳದೆ ಟೆಂಪೋ ಕಳಿಸಿದವಳು ಖುರ್ಷೀದಾ. ಅವಳೂ ಮೊದಲ ಗಂಡನಿಂದ ತಾನೇ ಕೇಳಿ ಖುಲಾ, ಅಂದರೆ ಬಿಡುಗಡೆ, ಪಡೆದು ಬಂದವಳು. ಆಗ ಅವಳ ಅಮ್ಮಿಯೇ ಕಾರು ಮಾಡಿಕೊಂಡು ಹೋಗಿ, ಹೆಣ್ಣು ಕೊಟ್ಟವರು ನಾವು, ಮಾರಿದವರಲ್ಲ ಎಂದು ಹೇಳಿ ಮಗಳನ್ನು ಫ್ರೇಜರ್ ಟೌನಿಗೆ ಕರೆತಂದಿದ್ದರು. ನಾಲ್ಕು ವರ್ಷದ ಮೇಲೆ ಅದೇ ಮನೆಯಲ್ಲಿ ವಾಜಿದನ ಜೊತೆ ನಿಕಾಹ್ ಆಯಿತು. ಬಿರಿಯಾನಿ ತಿಂದ ನೆಂಟರಲ್ಲಿ ಯಾರೂ ಮೂಗು ಮುರಿಯಲಿಲ್ಲವಂತೆ. ಅದನ್ನು ಕೇಳಿದಾಗಲೆಲ್ಲ ಗುರುದೇವಿಗೆ ಬೇರೊಂದು ದೇಶದ ಕತೆ ಕೇಳಿದ ಹಾಗಾಗುತ್ತಿತ್ತು.

ಆದರೆ ಯಂತ್ರದ ಮಾತು ಬಂದಾಗ ಖುರ್ಷೀದಾಳ ಮುಖ ಬಿಗಿಯಿತು. ಅವಳ ಅಬ್ಬಾ ಮಹಡಿಯ ಕೋಣೆಯಲ್ಲಿ ಮೂಗಿನ ಕೊಳವೆಯೊಂದಿಗೆ ವರ್ಷಗಟ್ಟಲೆ ಮಲಗಿದ್ದರು. ಮಕ್ಕಳು ಸರದಿಯಲ್ಲಿ ಮಗ್ಗುಲು ತಿರುಗಿಸಿದರು. ಯಾರ ಗುರುತೂ ಹತ್ತದ ಅವರ ಹಣೆಗೆ ಪ್ರತಿ ಈದಿಗೂ ಮುತ್ತಿಟ್ಟರು.

“ನೋಡು, ನಿಕಾಹ್ ಅಂದ್ರೆ ಇಬ್ರು ಒಪ್ಪಿ ಆಡಿದ ಮಾತು. ಒಪ್ಪಿದೋರು ಬೇಡ ಅನ್ಬೋದು. ಜಾನ್, ಜೀವ ಅನ್ನೋದು ಹಂಗಲ್ಲ ಕಣೇ. ಅದು ನಾವು ಕೊಟ್ಟಿದ್ದಲ್ಲ,” ಅಂದಳು. “ಧರ್ಮ ಓದಿದ ದೊಡ್ಡ ಆಲಿಮ್‌ಗಳಲ್ಲಿ ಬೇರೆ ಬೇರೆ ಮಾತಿದೆ, ಬರೀ ಮಿಷಿನ್ ಮೇಲಿದ್ರೆ ತೆಗೀಬೋದು ಅನ್ನೋರೂ ಇದಾರೆ ಅಂತ ವಾಜಿದ್ ಹೇಳ್ತಾರೆ. ನನ್ನ ಕೈಯಲ್ಲಂತೂ ಆಗ್ತಿರ್ಲಿಲ್ಲ. ನಿನ್ನ ಮಾವ ಎಂಥ ಮನುಷ್ಯ ಮಾರಾಯ್ತಿ! ಮಗ ಹೋಗ್ಬೋದಂತೆ, ಸೊಸೆ ಹೋಗ್ಬಾರ್ದಂತೆ.”

“ನೀನೇನು ಕಮ್ಮಿ? ಗಂಡನ್ನ ಬಿಡ್ಬೋದಂತೆ, ಮಿಷಿನ್ ಬಿಡ್ಬಾರ್ದಂತೆ.”

ಇಬ್ಬರೂ ನಕ್ಕುಬಿಟ್ಟರು. ನಗು ನಿಂತ ಮೇಲೆ ಒಬ್ಬರ ಮುಖ ಒಬ್ಬರು ನೋಡಲಾಗಲಿಲ್ಲ. ಇಷ್ಟು ವರ್ಷದ ಸ್ನೇಹದಲ್ಲಿ ಮೊದಲ ಸಲ ಇಬ್ಬರ ನಡುವೆ ಏನೋ ಒಂದು ನಿಂತಿತ್ತು. ಹೊರಡುವಾಗ ಖುರ್ಷೀದಾ ಅವಳ ಕೈ ಹಿಡಿದುಕೊಂಡಳು. ನೀನು ಮಾಡಿದ್ದು ತಪ್ಪು ಅಂತ ನಾನು ಯಾವತ್ತೂ ಅನ್ನಲ್ಲ, ಸರಿ ಅಂತ ಮಾತ್ರ ಹೇಳಿಸ್ಬೇಡ, ಅಷ್ಟೇ ಕೇಳಿಕೊಂಡಳು. ಬಸ್ಸಿನಲ್ಲಿ ಹಲಸೂರಿಗೆ ಬರುವಾಗ ಗುರುದೇವಿಗೆ ಇದ್ದ ಒಂದು ಆಸರೆಯೂ ಸಡಿಲಾದ ಹಾಗನ್ನಿಸಿತು.

ಆಸ್ಪತ್ರೆಯಲ್ಲಿ ಇಂಥ ಮನೆಯವರ ಜೊತೆ ಮಾತಾಡುತ್ತಿದ್ದವರು ಡಾಕ್ಟರ್ ಮಾರಿಯಾ. ಕತ್ತಿನಲ್ಲಿ ಸಣ್ಣ ಶಿಲುಬೆ, ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. ಗುರುದೇವಿ ನಾಚಿಕೆ ಬಿಟ್ಟು ಕೇಳಿದಳು: ಇದು ಕೊಂದ ಹಾಗಲ್ಲವೇ? ದಯಾಮರಣ ಅಂತಾರಲ್ಲ, ಅದೇ ತಾನೇ? ಮಾರಿಯಾ ತಾಳ್ಮೆಯಿಂದ ಬಿಡಿಸಿ ಹೇಳಿದರು. ಸೂಜಿ ಚುಚ್ಚಿ ಸಾಯಿಸುವುದಕ್ಕೆ ಈ ದೇಶದಲ್ಲಿ ಅವಕಾಶವಿಲ್ಲ, ತಾವು ಅದನ್ನು ಮಾಡುವವರೂ ಅಲ್ಲ. ಗುಣಪಡಿಸಲಾರದ ಯಂತ್ರವನ್ನು ತೆಗೆಯುವುದು, ನೋವಾಗದಂತೆ ನೋಡಿಕೊಳ್ಳುವುದು ಇಷ್ಟಕ್ಕೆ ಕಾನೂನು ಒಪ್ಪುತ್ತದೆ. ಅದಕ್ಕೂ ವೈದ್ಯರ ಎರಡು ತಂಡಗಳು ಬೇರೆ ಬೇರೆಯಾಗಿ ನೋಡಿ ಹೌದೆನ್ನಬೇಕು. ಮನೆಯವರಲ್ಲಿ ಒಬ್ಬರು ಬೇಡವೆಂದರೂ ಕೈ ಹಾಕುವುದಿಲ್ಲ.

“ನಿಮ್ಮಲ್ಲಿ ಏನಂತಾರೆ, ಡಾಕ್ಟ್ರೇ?”

ಮಾರಿಯಾ ಸಣ್ಣಗೆ ನಕ್ಕರು. “ನಮ್ಮ ಚರ್ಚಲ್ಲಿ ಡಿವೋರ್ಸಿಗೆ ಜಾಗ ಇಲ್ಲಮ್ಮ. ಇದಕ್ಕೆ ಇದೆ. ನನ್ನ ತಂಗಿ ಗಂಡನ ಬಿಟ್ಟಾಗ ನಮ್ಮಮ್ಮ ಒಂದ್ವರ್ಷ ಅತ್ರು. ನಮ್ಮಪ್ಪನ ಟ್ಯೂಬ್ ತೆಗ್ದಾಗ ಅಳ್ಲಿಲ್ಲ, ಜಪಮಾಲೆ ಹಿಡ್ಕೊಂಡು ಪಕ್ಕದಲ್ಲೇ ಕೂತಿದ್ರು.” ಆಮೇಲೆ ಕೇಳಿದರು: “ಅವರು ಯಾವತ್ತಾದ್ರೂ ಹೇಳಿದ್ರಾ, ತಮಗೆ ಹೀಗಾದ್ರೆ ಏನು ಬೇಕು ಅಂತ?”

ಹೇಳಿದ್ದ. ಮಾತು ನಿಲ್ಲುವುದಕ್ಕೂ ಮೊದಲು, ಅವನ ಅವ್ವ ಇಂಥದೇ ಕೋಣೆಯಲ್ಲಿ ಕೊಳವೆ ಕಿತ್ತುಕೊಳ್ಳದಿರಲೆಂದು ಎರಡೂ ಕೈ ಮಂಚಕ್ಕೆ ಕಟ್ಟಿಸಿಕೊಂಡು ಮಲಗಿದ್ದಾಗ. ಮನೆಗೆ ಕರಕೊಂಡು ಹೋಗುತ್ತೇನೆಂದು ಮಾವ ಬೇಡಿಕೊಂಡರೂ ಆಗ ಯಾರೂ ಬಿಟ್ಟಿರಲಿಲ್ಲ. ಒಂದು ಸಂಜೆ ಆಸ್ಪತ್ರೆಯಿಂದ ಬಂದ ರಾಜಶೇಖರ ಅಡುಗೆಮನೆಯ ನೆಲದ ಮೇಲೆ ಕೂತು, ಅವಳ ಸೆರಗಿನ ತುದಿ ಹಿಡಿದು, ಅವ್ವಗ ಮಾಡಿದ್ದು ನನಗ ಮಾಡಬ್ಯಾಡ್ರಿ ಅಂದಿದ್ದ. ಅಂದು ಅವನು ಅವಳ ಗಂಡನಾಗಿದ್ದ.

ಐಸಿಯು ಹೊರಗೆ ಸೃಷ್ಟಿ ಕೂತಿದ್ದಳು. ಕಾಲೇಜಿಗೆ ಹೋಗುವ ಮಗಳು, ಅಜ್ಜನನ್ನು ಯಾರು ನೋಡಿಕೊಳ್ಳುತ್ತಾರೆಂದು ಅಪ್ಪನ ಮನೆಯಲ್ಲೇ ಉಳಿದವಳು. ಭಾನುವಾರ ಹಲಸೂರಿಗೆ ಬಂದರೂ ಚಪ್ಪಲಿ ಬಾಗಿಲಿಗೆ ಮುಖ ಮಾಡಿಯೇ ಬಿಡುವವಳು. ಅಮ್ಮ ಪಕ್ಕದಲ್ಲಿ ಕೂತ ಮೇಲೆ ಬಹಳ ಹೊತ್ತು ಫೋನನ್ನು ಅಂಗೈಯಲ್ಲಿ ಹೊರಳಾಡಿಸಿದಳು.

“ಅಮ್ಮಾ, ಒಂದು ಕೇಳ್ತೀನಿ, ನಿಜ ಹೇಳು. ಒಳಗೊಳಗೆ ನಿಂಗೆ ಒಂಚೂರಾದ್ರೂ ರಿಲೀಫ್ ಅನ್ಸ್ತಿದ್ಯಾ?”

ಊರವರು ಕೇಳಬಹುದೆಂದು ಹೆದರಿದ್ದ ಪ್ರಶ್ನೆಯನ್ನು ಹೊಟ್ಟೆಯ ಮಗಳು ಕೇಳಿದ್ದಳು. ಇಲ್ಲ ಅನ್ನುವುದು ಸುಲಭವಾಗಿತ್ತು. ಮಾವನ ಮುಂದೆ ಒಂದು ಸುಳ್ಳು ಹೇಳಿ ಆಗಿತ್ತು. ಆ ಒಂದು ಸುಳ್ಳೇ ಎದೆಯಲ್ಲಿ ಕಲ್ಲಿನಂತೆ ಕೂತಿತ್ತು.

“ಅನ್ಸ್ತಿದೆ,” ಅಂದಳು. “ಮತ್ತೆ ಕೋರ್ಟಿಗೆ ಹೋಗೋದು ತಪ್ಪಿತಲ್ಲ ಅಂತ ಒಂದ್ಸಲ ಅನ್ಸಿ, ಮರುಗಳಿಗೆ ನನ್ನ ಮುಖಕ್ಕೆ ನಾನೇ ಉಗೀಬೇಕು ಅನ್ಸ್ತು. ಆ ಕೊಳವೆ ನೋಡಿದ್ರೆ ನನ್ನ ಗಂಟಲೇ ನೋಯತ್ತೆ. ಎರಡೂ ನಿಜ, ಸೃಷ್ಟಿ. ಯಾವುದು ಜಾಸ್ತಿ ಅಂತ ನಂಗೆ ಗೊತ್ತಿಲ್ಲ.”

ಸೃಷ್ಟಿಯ ತಲೆ ಬಂದು ಅಮ್ಮನ ಹೆಗಲಿಗೆ ಒರಗಿತು. “ಅಜ್ಜ ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ಸ್ವಾಮಿಗಳ ಹತ್ರ ಹೊಸ ಲಿಂಗ ಕೇಳಕ್ಕೆ ಹೋಗಿದ್ರು. ಮೈಮೇಲೆ ಎಚ್ಚರ ಇಲ್ಲದೋನಿಗೆ ದೀಕ್ಷೆ ಹೆಂಗೆ ಕೊಡ್ಲಿ, ಕಿವೀಲಿ ಹೇಳಿದ ಮಂತ್ರ ಯಾರು ಕೇಳಿಸ್ಕೋತಾರೆ ಅಂದ್ರಂತೆ. ಬಂದು ಖಾಲಿ ಜಗಲಿ ಮುಂದೆ ಕೂತಿದಾರೆ.”

ಗುರುದೇವಿ ಎದ್ದಳು. ಕಾಲುಗಳು ತಾವಾಗಿಯೇ ಅವಳನ್ನು ಹಲಸೂರಿಗೆ ಕರೆದೊಯ್ದವು. ಗೂಡಿನಿಂದ ಬಿಳಿ ಶಿವದಾರದ ಕರಡಿಗೆ ತೆಗೆದು, ತೊಳೆದ ವಸ್ತ್ರದಲ್ಲಿ ಸುತ್ತಿ, ಎದೆಗೊತ್ತಿಕೊಂಡು, ಎರಡು ವರ್ಷದ ಮೇಲೆ ದೊಮ್ಮಲೂರಿನ ಆ ಬಾಗಿಲಿನ ಗಂಟೆ ಒತ್ತಿದಳು. ಆಟೋದಲ್ಲಿ ಬರುವಾಗ ಎಷ್ಟು ಸಲ ತಿರುಗಿ ಹೋಗೋಣವೆನ್ನಿಸಿತೋ! ಕದ ತೆರೆದವಳು ಆಗಷ್ಟೇ ಆಸ್ಪತ್ರೆಯಿಂದ ಮರಳಿದ್ದ ಸೃಷ್ಟಿ.

ಮಾವ ಜಗಲಿಯ ಮುಂದೆ ಗೋಡೆಗೊರಗಿ ಕೂತಿದ್ದರು. ಗುರುದೇವಿ ಅವರೆದುರು ನೆಲದ ಮೇಲೆ ಕೂತು ವಸ್ತ್ರ ಬಿಚ್ಚಿದಳು. ಕರಡಿಗೆ ಕಂಡದ್ದೇ ಅವರ ಕಣ್ಣುಗಳು ಅಗಲವಾದವು.

“ಎಲ್ಲಿ ಸಿಕ್ತು?”

“ಎಲ್ಲೂ ಕಳದಿದ್ದಿಲ್ರೀ. ನನ್ನ ಕಡೆನ ಇತ್ತು. ಮನಿ ಬಿಟ್ಟ ದಿನ ಗೊತ್ತಾಗದ ಎರಡೂ ಒಯ್ದಿದ್ದೆ. ನೀವು ಬಂದಾಗ ಸುಳ್ಳು ಹೇಳಿದೆ.”

ಮಾವ ಕೂಗಲಿಲ್ಲ, ಕೂಗಿದ್ದರೆ ತಡೆದುಕೊಳ್ಳಬಹುದಿತ್ತು.

“ನನ್ನ ಮಗನ ಪ್ರಾಣಾನ ಒಯ್ದು ಗೂಡಿನ್ಯಾಗ ಇಟಗೊಂಡಿದ್ದೆಲ್ಲವ್ವಾ. ಅದಕ್ಕ ಅಂವ ಬಿದ್ದ. ಕೊಳ್ಳಾಗ ಲಿಂಗ ಇಲ್ದ ಬಿದ್ದ.”

“ಅಜ್ಜಾ!” ಎಂದು ಸೃಷ್ಟಿ ಮುಂದೆ ಬಂದಳು. ಗುರುದೇವಿ ಅವಳನ್ನು ಕೈಸನ್ನೆಯಿಂದ ತಡೆದಳು. ತಾನು ಯಾವ ಮಾತಿಗೆ ಹೆದರಿ ದಿನಗಟ್ಟಲೆ ನಿದ್ದೆಗೆಟ್ಟಿದ್ದಳೋ ಆ ಮಾತು ಬಂದು ಹೋಗಿತ್ತು. ಬಂದ ಮೇಲೆ, ಆಶ್ಚರ್ಯವೆಂದರೆ, ಅವಳಲ್ಲಿ ಹೆದರಿಕೆಯೇ ಉಳಿದಿರಲಿಲ್ಲ.

“ತಗದು ನೋಡ್ರಿ, ಮಾವಾರ.”

ಅವರು ಕರಡಿಗೆಯ ಮುಚ್ಚಳ ತೆಗೆದರು. ಒಳಗೆ ಲಿಂಗ ಕನ್ನಡಿಯ ಹಾಗೆ ಕಪ್ಪಗೆ ಹೊಳೆಯುತ್ತಿತ್ತು. ಮೂರು ಎಳೆ ವಿಭೂತಿ. ನೆತ್ತಿಯ ಮೇಲೆ ಅವತ್ತಿನ ಬೆಳಗಿನ ಬಿಲ್ವಪತ್ರೆ, ಇನ್ನೂ ಬಾಡದ್ದು. ಕೈ ತಾಗದೆ ಬಿದ್ದ ಲಿಂಗದ ಕಾಂತಿ ಮಾಸುತ್ತದೆ, ಬಿರುಕು ಬಿಡುತ್ತದೆ. ಜೀವಮಾನವೆಲ್ಲ ಲಿಂಗಪೂಜೆ ಮಾಡಿದ ಆ ಮುದುಕನಿಗೆ ಅದನ್ನು ಯಾರೂ ಹೇಳಬೇಕಾಗಿರಲಿಲ್ಲ. ಅವರು ಬೆರಳ ತುದಿಯಿಂದ ಪತ್ರೆಯನ್ನು ಮುಟ್ಟಿದರು.

“ಅಂವ ದಿನಾ ಬೆಳಿಗ್ಗೆ ಕದಾ ಹಾಕ್ಕೊಂಡು ಕುಂಡ್ರತಿದ್ದ. ಪೂಜಿ ಮಾಡ್ತಾನಂತ ತಿಳಕೊಂಡಿದ್ದೆ,” ಅಂದರು, ತಮ್ಮಷ್ಟಕ್ಕೆ. “ಒಂದ ಮನ್ಯಾಗ ಇದ್ದು ನಾ ಒಂದಿನಾನೂ ಕೇಳಲಿಲ್ಲ.”

“ಅವ್ರಿಗೆ ಗೊತ್ತಿತ್ರೀ, ನನ್ನ ಕಡೆ ಐತಿ ಅಂತ. ಕೋರ್ಟಿನ್ಯಾಗ ಹೇಳಿದ್ರು. ಇರ್ಲಿ, ನಿನ್ನ ಕೈಯಾಗ ಪೂಜಿ ತಪ್ಪಂಗಿಲ್ಲ ಅಂತ.”

ಮಾವ ತಟ್ಟನೆ ತಲೆಯೆತ್ತಿದರು. “ನಿನ್ನ ಕೂಡ ಮಾತಾಡಿದ್ನ?”

“ಹೂನ್ರೀ. ಆಟೋ ಸಿಗ್ತದೇನು ಅಂತನೂ ಕೇಳಿದ್ರು.” ಅಲ್ಲಿಯವರೆಗೆ ಒಂದು ಹನಿಯೂ ಬಾರದ ಕಣ್ಣು ಆ ಆಟೋದ ಮಾತಿಗೆ ಒಡೆದುಹೋಯಿತು. ಸೆರಗಿನಿಂದ ಮುಖ ಒರೆಸಿಕೊಂಡು ಅವಳು ಉಳಿದದ್ದನ್ನೂ ಹೇಳಿದಳು. “ಮಾವಾರ, ನಾಕ ಮಂದಿ ಮುಂದ ನಾ ಅರ್ಜಿ ತಗದೀನಿ ಅಂತ ಹೇಳಂಗಿಲ್ಲ. ನಾ ಬಿಟ್ಟಿದ್ದು ಖರೇ. ಅವ್ರು ಬಿಡಾಕ ಒಪ್ಪಿದ್ದೂ ಖರೇ. ಬಿಟ್ಟಾಕಿನ ಅಂತ ಹೇಳ್ರಿ ಕೇಳಿದವ್ರಿಗೆ. ಆದ್ರ ಅತ್ತಿಯವ್ರ ಕೈ ಕಟ್ಟಿದಂಗ ಅವ್ರನ್ನ ಕಟ್ಟಿಸಬ್ಯಾಡ್ರಿ. ಅದನ್ನೊಂದು ಅವ್ರು ನನಗ ಹೇಳಿ ಇಟ್ಟಾರ.”

ಹೆಂಡತಿಯ ಮಾತು ಬಂದಾಗ ಮುದುಕ ಕಣ್ಣು ಮುಚ್ಚಿಕೊಂಡರು. ಗೋಡೆಯ ಮೇಲಿನ ಪಟದಲ್ಲಿ ಆಕೆ ಇದ್ದಳು, ಯಾವ ಪಟದಲ್ಲಿಯೂ ನಗದ ಹೆಂಗಸು. ಮತ್ತೆ ಅವರು ಮಾತಾಡಿದಾಗ ಆ ದನಿಯನ್ನು ಗುರುದೇವಿ ಮದುವೆಯಾಗಿ ಬಂದಂದಿನಿಂದ ಒಮ್ಮೆಯೂ ಕೇಳಿರಲಿಲ್ಲ.

“ನಾನೂ ಆಕಿ ಕೂಡ ಮಾತು ಬಿಟ್ಟಿದ್ನಿ. ಯಾಕ ಬಿಟ್ಟೆ ಅನ್ನೂದ ಮರತು ಹೋಗೈತಿ ಈಗ. ಇಂವ ಸಣ್ಣಾಂವ ಇದ್ದ, ‘ರಾಜಾ, ನಿಮ್ಮವ್ವಗ ಹೇಳು’ ಅಂತಿದ್ನಿ. ನನ್ನ ನೋಡೇ ಕಲತ.” ಅವರು ಕರಡಿಗೆಯನ್ನು ಮುಚ್ಚಿದರು. “ಆಕಿ ಬಿಡಲಿಲ್ಲ, ನಾ ಮಾತಾಡಲಿಲ್ಲ. ಕಡೀತನಾ ಮಾತಾಡಲಿಲ್ಲ. ನೀ ಬಿಟ್ಟಿ... ಬಿಟ್ಟ ಮ್ಯಾಲರೆ ಇಂವ ಎರಡು ಮಾತಾಡಿದ.”

ಸೃಷ್ಟಿ ಬಿಕ್ಕುತ್ತಿದ್ದಳು. ಮಾವ ಗೋಡೆ ಹಿಡಿದು ಎದ್ದು, ಟೋಪಿ ಹಾಕಿಕೊಂಡು, ಕರಡಿಗೆಯನ್ನು ಮರಳಿ ಗುರುದೇವಿಯ ಕೈಗೇ ಇಟ್ಟರು.

“ನಡೀ. ಸಹಿ ಮಾಡೂಣು. ಕಳಸೂ ದಿನಾ ಇದನ್ನ ನೀನ ಕಟ್ಟಬೇಕು.”

ಮೂವರೂ ಸಹಿ ಮಾಡಿದರು. ಎರಡನೆಯ ವೈದ್ಯರ ತಂಡದ ಉತ್ತರ ಬರುವವರೆಗಿನ ದಿನಗಳು ಅವಳ ಬಾಳಿನ ಅತಿ ದೀರ್ಘ ದಿನಗಳು. ಎಲ್ಲ ಆಗಿ, ಒಂದು ಮುಂಜಾನೆ ರಾಜಶೇಖರನನ್ನು ಕಿಟಕಿಯಿರುವ ಚಿಕ್ಕ ಕೋಣೆಗೆ ತಂದರು. ಗುರುದೇವಿ ಅವನ ಹಣೆಗೆ ವಿಭೂತಿ ಹಚ್ಚಿದಳು. ಕೊರಳ ಕೆಳಗೆ ಕೈ ಹಾಕಿ ಶಿವದಾರದ ಗಂಟು ಹಾಕುವಾಗ ಅವನ ಕೂದಲು ಬೆರಳಿಗೆ ತಾಗಿತು. ಎಷ್ಟು ವರ್ಷಗಳಾಗಿತ್ತು ಹೀಗೆ ಹತ್ತಿರ ಬಂದು! ಮಾರಿಯಾ ಕೊಳವೆ ತೆಗೆದು, ಬಾಯಿ ಒರೆಸಿ, ಪಕ್ಕಕ್ಕೆ ಸರಿದು ನಿಂತರು.

ಆಮೇಲೆ ಅವನೇ ಉಸಿರಾಡಿದ. ಅವಳು ಎಣಿಸಿರದ ಸಂಗತಿ ಅದು. ಯಂತ್ರ ನಿಂತೊಡನೆ ಮುಗಿಯುತ್ತದೆ ಅಂದುಕೊಂಡಿದ್ದಳು. ಎದೆ ಏರಿತು, ಇಳಿಯಿತು. ನಿಂತಿತು. ಮತ್ತೆ ಏರಿತು. ಪ್ರತಿ ಸಲ ನಿಂತಾಗಲೂ ಅವಳ ಉಸಿರೂ ನಿಲ್ಲುತ್ತಿತ್ತು. ತಪ್ಪು ಮಾಡಿದೆವೇನೋ, ಬದುಕುತ್ತಿದ್ದನೇನೋ ಎಂಬ ದಿಗಿಲಿಗೆ ಅವಳು ಮಾರಿಯಾ ಕಡೆ ನೋಡುತ್ತಿದ್ದಳು. ಮಾರಿಯಾ ತಲೆಯಾಡಿಸುತ್ತಿದ್ದರು, ನೋವಿಲ್ಲ ಎಂಬಂತೆ. ಮಾವ ಕರಡಿಗೆಯಿಂದ ಲಿಂಗ ತೆಗೆದು ಮಗನ ಎಡ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿದರು. ಸೃಷ್ಟಿ ಅಪ್ಪನ ಪಾದ ಹಿಡಿದು ಕೂತಳು. ಗುರುದೇವಿ ಅವನ ಕಿವಿಯ ಹತ್ತಿರ ಬಾಗಿದಳು. ಆಡಬೇಕಾದ ಮಾತುಗಳು ಎಷ್ಟೊಂದು ಇದ್ದವು, ಬಾಯಿಗೆ ಬಂದದ್ದು ಒಂದೇ.

“ನನಗ ಆಟೋ ಸಿಗ್ತದ್ರೀ. ನೀವು ಹೋಗ್ರಿ.”

ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಅವನ ಮಡಚಿದ ಕೈಯ ಮೇಲೆ ಬಂದಾಗ ಎದೆ ಇಳಿದದ್ದು ಮತ್ತೆ ಏರಲಿಲ್ಲ.

ರುದ್ರಭೂಮಿಯಲ್ಲಿ ಅವನನ್ನು ಕುಳ್ಳಿರಿಸಿ, ಲಿಂಗ ಹಿಡಿದ ಕೈ ಹಾಗೆಯೇ ಇರುವಂತೆ, ವಿಭೂತಿ ತುಂಬಿ ಮಣ್ಣು ಕೊಟ್ಟರು. ಊರಿನಿಂದ ಬಂದ ಹೆಂಗಸರು ಗುಸುಗುಸು ಮಾತಾಡಿದರು. ಒಬ್ಬಾಕೆ ಕೇಳಿಸುವ ಹಾಗೆಯೇ ಅಂದಳು, ಕೋರ್ಟಿನ ಕೆಲಸ ಆಸ್ಪತ್ರೆಯಲ್ಲೇ ಮುಗಿಸಿಕೊಂಡಳು ಎಂದು. ಗುರುದೇವಿ ಕೇಳಿಸಿಕೊಂಡಳು. ಆ ಮಾತು ಇನ್ನು ಮುಂದೆ ಮದುವೆ ಮನೆಗಳಲ್ಲಿ, ಸಾವಿನ ಮನೆಗಳಲ್ಲಿ ಅವಳಿಗಿಂತ ಮೊದಲೇ ಹೋಗಿ ಕೂತಿರುತ್ತದೆ ಎಂದೂ ಗೊತ್ತಾಯಿತು. ಗೇಟಿನ ಹೊರಗೆ, ದುಪಟ್ಟಾ ತಲೆಯ ಮೇಲೆಳೆದುಕೊಂಡು ಖುರ್ಷೀದಾ ನಿಂತಿದ್ದಳು. ಸರಿಯೆನ್ನಲಿಲ್ಲ, ತಪ್ಪೆನ್ನಲಿಲ್ಲ. ಮಣ್ಣಾದ ಅವಳ ಕೈಯನ್ನು ತನ್ನ ಕೈಯಲ್ಲಿ ಹಿಡಿದು ಕಾರಿನವರೆಗೆ ನಡೆಸಿಕೊಂಡು ಹೋದಳು.

ಕೆಲವು ದಿನಗಳ ಮೇಲೆ, ಒಂದು ಬೆಳಿಗ್ಗೆ, ಮೆಟ್ಟಿಲ ಮೇಲೆ ಅದೇ ನಿಧಾನದ ಹೆಜ್ಜೆ ಕೇಳಿಸಿತು. ಬೆನ್ನಿಗೆ ಸೃಷ್ಟಿಯ ದನಿ: ನಿಧಾನ ಅಜ್ಜ, ನಿಧಾನ. ಗುರುದೇವಿ ಆಗಷ್ಟೇ ಗುಡಿಯ ಕಡೆಯಿಂದ ಬಂದು ಪೂಜೆಗೆ ಕೂತಿದ್ದಳು. ಗೂಡಿನ ಕದ ತೆರೆದೇ ಇತ್ತು. ತಟ್ಟೆಯಲ್ಲಿ ಎರಡು ಪತ್ರೆಗಳಿದ್ದವು. ಹೂವಿನವಳು ರೂಢಿಯಂತೆ ಎರಡು ಕೊಟ್ಟಿದ್ದಳು, ಇವಳು ರೂಢಿಯಂತೆ ತಂದಿದ್ದಳು. ಈಗ ಒಂದನ್ನು ಕೈಯಲ್ಲಿ ಹಿಡಿದು ಎಲ್ಲಿಡಬೇಕೆಂದು ತಿಳಿಯದೆ ಕೂತಿದ್ದಳು.

ಮಾವ ಒಳಗೆ ಬಂದು ಗೂಡು ನೋಡಿದರು, ತಟ್ಟೆ ನೋಡಿದರು. ಕುರ್ಚಿಯ ಕಡೆ ಹೋಗಲಿಲ್ಲ. ಗೋಡೆಗೆ ಕೈಕೊಟ್ಟು, ನರಳುತ್ತ, ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತರು. ಅಂಗಿಯ ಗುಂಡಿ ಬಿಚ್ಚಿ ತಮ್ಮ ಕರಡಿಗೆ ಹೊರತೆಗೆದು, ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು, ಬಲಗೈಯನ್ನು ಅವಳ ಮುಂದೆ ಚಾಚಿದರು.

“ಹೆಚ್ಚಾದ ಪತ್ರಿ ನನಗ ಕೊಡವ್ವಾ,” ಅಂದರು. “ಮೊದಲ ಒಂದೀಟು ನೀರು ಕೊಡು. ಮೆಟ್ಟಲ ಹತ್ತಿ ಗಂಟಲಾ ಒಣಗೇತಿ.”